ಟೆನೆಸೀ ವಿಲಿಯಮ್ಸ್: ಶೂ ಕಂಪನಿಯ ಗುಮಾಸ್ತ, ರೋಸ್‌ಳ ತಮ್ಮ

ಈ ಸಲ ಯಾರ ಬಗ್ಗೆ ಬರೆಯೋದು ಅಂತ ತಲೆ ಕೆಡಿಸಿಕೊಂಡಿದ್ದಾಗ ನಮಗೆ ಮೊದಲು ಸಿಕ್ಕಿದ್ದು ಲೇಖಕ ಅಲ್ಲ, ಒಬ್ಬ ನೈಟ್ ಸ್ಕೂಲ್ ವಿದ್ಯಾರ್ಥಿ. ಹೆಸರು ಜಿಮ್ ಓಕಾನರ್. ಹಗಲು ಶೂ ಗೋದಾಮಿನಲ್ಲಿ ಕೆಲಸ, ಸಂಜೆ ರೇಡಿಯೋ ಇಂಜಿನಿಯರಿಂಗ್ ಕ್ಲಾಸು, ಜೊತೆಗೆ ಪಬ್ಲಿಕ್ ಸ್ಪೀಕಿಂಗ್ ಕೋರ್ಸು ಬೇರೆ. ಕಾಲ 1937ರ ಆಸುಪಾಸು. ಅಮೆರಿಕದಲ್ಲಿ ಟೆಲಿವಿಷನ್ನಿನ ನಿಯಮಿತ ಪ್ರಸಾರ ಶುರುವಾಗೋಕೆ ಇನ್ನೂ ಎರಡು ವರ್ಷ ಇತ್ತು. ಆದ್ರೆ ಜಿಮ್‌ಗೆ ಆಗಲೇ ಗ್ಯಾರಂಟಿ: ಮುಂದಿನ ಕಾಲ ಟೆಲಿವಿಷನ್ನಿನದು, ಅದು ಮೇಲೆ ಹೋದ ಹಾಗೆ ತಾನೂ ಮೇಲೆ ಹೋಗ್ತೀನಿ. ಈಗ ಇದ್ದಿದ್ರೆ ಎಐ ಸರ್ಟಿಫಿಕೇಟ್ ಕೋರ್ಸ್ ಸೇರಿ ದಿನಾ ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಹಾಕ್ತಿದ್ದ.

ಜಿಮ್ ನಿಜವಾದ ಮನುಷ್ಯ ಅಲ್ಲ. 'ದಿ ಗ್ಲಾಸ್ ಮೆನಾಜರಿ' ಅನ್ನೋ ಅಮೆರಿಕನ್ ನಾಟಕದ ಪಾತ್ರ. ಮೆನಾಜರಿ ಅಂದ್ರೆ ಪ್ರಾಣಿ ಸಂಗ್ರಹ. ಇಲ್ಲಿ ಒಬ್ಬ ಹುಡುಗಿ ಜೋಪಾನ ಮಾಡಿಟ್ಟ ಗಾಜಿನ ಪುಟಾಣಿ ಪ್ರಾಣಿಗಳು. ಈ ನಾಟಕವನ್ನು 1973ರಲ್ಲಿ ಎಬಿಸಿ ಚಾನೆಲ್ ಟೆಲಿಫಿಲ್ಮ್ ಮಾಡಿ ಡಿಸೆಂಬರ್ 16ಕ್ಕೆ ಪ್ರಸಾರ ಮಾಡಿತು. ಅದನ್ನು ನಾವು ಇಂಟರ್ನಲ್ಸ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದ್ವಿ. ಟಿವಿಗೆ ಭವಿಷ್ಯ ಇದೆ ಅಂತ ನಂಬಿದ ಹುಡುಗ ಟಿವಿಯಲ್ಲೇ ಬಂದು ಆ ಮಾತು ಆಡ್ತಾನೆ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಸ್ವಲ್ಪ ಹೊತ್ತಿಗೆ ಅದೇ ಜಿಮ್ ಕೈಯಿಂದ ಒಂದು ಗಾಜಿನ ಪ್ರಾಣಿಯ ಕೊಂಬು ಮುರಿಯುತ್ತೆ. ಆಮೇಲೆ ರೂಮಲ್ಲಿ ಯಾರೂ ನಗಲಿಲ್ಲ.

ಸಿನಿಮಾ ಮುಗಿದ ಮೇಲೆ ಇದನ್ನು ಬರೆದವನು ಯಾರು ಅಂತ ಹುಡುಕುತ್ತಾ ಹೋದ್ವಿ. ಇದು ಅವನ ಕಥೆ. ದೊಡ್ಡ ಲೇಖಕನನ್ನು ಏಕವಚನದಲ್ಲಿ ಕರೀತಿದ್ದೀವಿ, ಬೇಜಾರು ಮಾಡ್ಕೋಬೇಡಿ. ನಮಗೆ ಅವನು ಸಿಕ್ಕಿದ್ದೇ ನಮ್ಮ ವಯಸ್ಸಿನ ಹುಡುಗನಾಗಿ.

ಥರ್ಡ್ ಇಯರ್‌ಗೆ ಕಾಲೇಜು ಬಂದ್

ಅವನ ನಿಜವಾದ ಹೆಸರು ಥಾಮಸ್ ಲೇನಿಯರ್ ವಿಲಿಯಮ್ಸ್. ಹುಟ್ಟಿದ್ದು 1911ರ ಮಾರ್ಚ್ 26ರಂದು, ಮಿಸಿಸಿಪ್ಪಿ ರಾಜ್ಯದ ಕೊಲಂಬಸ್ ಅನ್ನೋ ಊರಲ್ಲಿ. ತಾಯಿ ಎಡ್ವಿನಾ ಚರ್ಚಿನ ಪಾದ್ರಿಯೊಬ್ಬರ ಮಗಳು. ತಂದೆ ಕಾರ್ನೀಲಿಯಸ್ ಊರೂರು ಸುತ್ತೋ ಸೇಲ್ಸ್‌ಮನ್. ತಂದೆ ಯಾವಾಗಲೂ ಟೂರ್‌ನಲ್ಲಿ ಇರ್ತಿದ್ದರಿಂದ ಮಕ್ಕಳು ಬೆಳೆದಿದ್ದು ಅಜ್ಜನ ಮನೆಯಲ್ಲಿ. ಟಾಮ್‌ಗಿಂತ ಒಂದೂವರೆ ವರ್ಷಕ್ಕೂ ಕಮ್ಮಿ ದೊಡ್ಡವಳು ಅಕ್ಕ ರೋಸ್. ಚಿಕ್ಕವನಿದ್ದಾಗ ಟಾಮ್‌ಗೆ ಡಿಫ್ತೀರಿಯಾ ಬಂದು ತುಂಬಾ ದಿನ ಮನೆಯಲ್ಲೇ ಉಳಿಯಬೇಕಾಯ್ತು. ಹೊರಗೆ ಆಡೋ ಹುಡುಗರ ಜೊತೆ ಸೇರೋಕೆ ಆಗದ ಅವನಿಗೆ ಆಟ, ಕಥೆ, ಜಗಳ ಎಲ್ಲದಕ್ಕೂ ಅಕ್ಕನೇ.

1918ರಲ್ಲಿ ತಂದೆಗೆ ಸೇಂಟ್ ಲೂಯಿಸ್ ನಗರದಲ್ಲಿ ಇಂಟರ್‌ನ್ಯಾಷನಲ್ ಶೂ ಕಂಪನಿಯ ಆಫೀಸ್ ಕೆಲಸ ಸಿಕ್ಕಿತು. ಇಡೀ ಸಂಸಾರ ಅಲ್ಲಿಗೆ ಹೋಯಿತು. ಅಜ್ಜನ ಮನೆಯ ಅಂಗಳ ನೋಡಿದ್ದ ಮಕ್ಕಳಿಗೆ ಈಗ ಬಾಡಿಗೆ ಫ್ಲಾಟು, ಸ್ಕೂಲಲ್ಲಿ ಇವರ ದಕ್ಷಿಣದ ಮಾತಿನ ಧಾಟಿಗೆ ನಗೋ ಹುಡುಗರು, ಮನೆಯಲ್ಲಿ ತಂದೆಯ ಕುಡಿತ, ತಂದೆ-ತಾಯಿಯ ಜಗಳ. ರೋಸ್‌ಳ ರೂಮಿನ ಕಿಟಕಿ ಒಂದು ಕತ್ತಲ ಸಂದಿಗೆ ತೆರೆದುಕೊಳ್ತಿತ್ತು. ಆ ಸಂದಿಯಲ್ಲಿ ನಾಯಿಗಳು ಬೆಕ್ಕುಗಳನ್ನು ಅಟ್ಟಿಸಿಕೊಂಡು ಬಂದು ಕೊಲ್ಲುತ್ತಿದ್ದವು. ಅದನ್ನು ನೋಡೋಕಾಗದೆ ಅವಳು ಪರದೆ ಎಳೆದೇ ಇಡ್ತಿದ್ದಳು. ರೂಮು ಕತ್ತಲಾಯ್ತು ಅಂತ ಅಕ್ಕ ತಮ್ಮ ಸೇರಿ ಮೇಜು ಕುರ್ಚಿಗೆಲ್ಲ ಬಿಳಿ ಬಣ್ಣ ಹೊಡೆದು, ಗೋಡೆಯ ಶೆಲ್ಫಿನಲ್ಲಿ ಸಣ್ಣ ಸಣ್ಣ ಗಾಜಿನ ಪ್ರಾಣಿಗಳನ್ನು ಜೋಡಿಸಿದರು. ಮುಂದೆ ಜಗತ್ತಿಗೇ ಗೊತ್ತಾದ ನಾಟಕದ ಹೆಸರು ಹುಟ್ಟಿದ್ದು ಆ ಶೆಲ್ಫಿನಿಂದ.

ಟಾಮ್ ಸ್ಕೂಲಲ್ಲೇ ಬರೆಯೋಕೆ ಶುರು ಮಾಡಿದ್ದ. ಹದಿನಾರನೇ ವಯಸ್ಸಿಗೆ ಪತ್ರಿಕೆಯೊಂದರ ಪ್ರಬಂಧ ಸ್ಪರ್ಧೆಯಲ್ಲಿ ಮೂರನೇ ಬಹುಮಾನ, 5 ಡಾಲರ್. ಮುಂದಿನ ವರ್ಷ 'ವಿಯರ್ಡ್ ಟೇಲ್ಸ್' ಅನ್ನೋ ಪತ್ರಿಕೆಗೆ ಒಂದು ಭಯಾನಕ ಕಥೆ ಮಾರಿದ, 35 ಡಾಲರ್. 1929ರಲ್ಲಿ ಮಿಸ್ಸೌರಿ ವಿಶ್ವವಿದ್ಯಾಲಯಕ್ಕೆ ಪತ್ರಿಕೋದ್ಯಮ ಓದೋಕೆ ಸೇರಿದ. ಮೂರನೇ ವರ್ಷ ನಮ್ಮ ಎನ್‌ಸಿಸಿ ಥರದ ಮಿಲಿಟರಿ ಟ್ರೈನಿಂಗ್ ವಿಷಯದಲ್ಲಿ ಫೇಲ್ ಆದ. ತಂದೆಗೆ ಇದು ಅವಮಾನ. 1932ರಲ್ಲಿ ಮಗನನ್ನು ಕಾಲೇಜಿನಿಂದಲೇ ಬಿಡಿಸಿ, ತಮ್ಮದೇ ಶೂ ಕಂಪನಿಯಲ್ಲಿ ಗುಮಾಸ್ತನ ಕೆಲಸಕ್ಕೆ ಹಾಕಿದರು. ಒಂದು ಬ್ಯಾಕ್‌ಲಾಗ್ ಬಂದ್ರೆ ಮನೆಯಲ್ಲಿ ಏನಾಗುತ್ತೆ ಅಂತ ನಮಗೆ ಗೊತ್ತು, ಆದ್ರೆ ಇಷ್ಟು ದೂರ ಹೋಗಿದ್ದು ನಾವು ಕೇಳಿಲ್ಲ.

ಸಂಬಳ ತಿಂಗಳಿಗೆ 65 ಡಾಲರ್. ಬೆಳಿಗ್ಗೆ ಸ್ಯಾಂಪಲ್ ಶೂಗಳ ಧೂಳು ಒರೆಸೋದು, ಆರ್ಡರ್ ಟೈಪ್ ಮಾಡೋದು, ಸ್ಯಾಂಪಲ್ ಪೆಟ್ಟಿಗೆ ಹೊತ್ತುಕೊಂಡು ಗಿರಾಕಿಗಳ ಹತ್ತಿರ ಹೋಗೋದು. ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ, ಇದ್ದ ಕೆಲಸ ಬಿಡೋ ಹಾಗಿಲ್ಲ. ಅವನು ಮನೆಗೆ ಬಂದು ಊಟ ಮುಗಿಸಿ, ಕಪ್ಪು ಕಾಫಿ ಕುಡೀತಾ, ಸಿಗರೇಟ್ ಸೇದುತ್ತಾ ಮಧ್ಯರಾತ್ರಿ ದಾಟೋವರೆಗೆ ಟೈಪ್‌ರೈಟರ್ ಕುಟ್ಟುತ್ತಿದ್ದ. ಸುಮಾರು ಮೂರು ವರ್ಷ ಹೀಗೆ ನಡೆದು, 1935ರಲ್ಲಿ ದೇಹ ಮನಸ್ಸು ಎರಡೂ ಕೈಕೊಟ್ಟವು. ಸುಧಾರಿಸಿಕೊಳ್ಳೋಕೆ ಮೆಂಫಿಸ್‌ನಲ್ಲಿದ್ದ ಅಜ್ಜ ಅಜ್ಜಿ ಹತ್ತಿರ ಕಳಿಸಿದರು. ಆ ಬೇಸಿಗೆಯಲ್ಲೇ ಅಲ್ಲಿಯ ಹವ್ಯಾಸಿ ತಂಡ ಒಂದು ಅವನ ಕೈವಾಡ ಇದ್ದ ಪುಟ್ಟ ಕಾಮಿಡಿಯನ್ನು ಆಡಿತು. ಹೆಸರು 'ಕೈರೋ, ಶಾಂಘೈ, ಬಾಂಬೆ!'. ಶೂ ಗೋದಾಮಿನ ಗುಮಾಸ್ತ ಆಗ ಬಾಂಬೆ ನೋಡಿದ್ದು ಮ್ಯಾಪಿನಲ್ಲಿ ಮಾತ್ರ. ಆದ್ರೆ ತಾನು ಬರೆದದ್ದಕ್ಕೆ ಜನ ನಕ್ಕಿದ್ದನ್ನು ಮೊದಲ ಸಲ ಕಿವಿಯಾರೆ ಕೇಳಿದ.

ಗೆಸ್ಟ್ ಸ್ಪೀಕರ್ ಹೇಳದೇ ಬಿಡೋ ಭಾಗ

ಇಲ್ಲಿವರೆಗೆ ಓದಿದಾಗ ನಮಗೆ ಖುಷಿ ಆಯ್ತು. ಯಾಕಂದ್ರೆ ಇದು ನಮಗೆ ಚೆನ್ನಾಗಿ ಗೊತ್ತಿರೋ ಕಥೆ. ಪ್ರತಿ ಫೆಸ್ಟಿಗೆ ಬರೋ ಗೆಸ್ಟ್ ಸ್ಪೀಕರ್ ಇದನ್ನೇ ಹೇಳೋದು. ಅಪ್ಪ ಬಲವಂತ ಮಾಡಿದರು, ಹುಡುಗ ರಾತ್ರಿಯೆಲ್ಲ ಕೂತು ತನಗಿಷ್ಟವಾದದ್ದನ್ನು ಮಾಡಿದ, ಒಂದು ದಿನ ಕೆಲಸ ಬಿಟ್ಟ, ಗೆದ್ದ, ಚಪ್ಪಾಳೆ. ವಿಲಿಯಮ್ಸ್‌ನ ಬದುಕು ಈ ಅಚ್ಚಿಗೆ ಸರಿಯಾಗಿ ಕೂರುತ್ತೆ. ನಾವೂ ಹಾಗೇ ಬರೆದು ಮುಗಿಸೋಣ ಅಂತಿದ್ವಿ. ಆದ್ರೆ ಅದೇ ಮನೆಯ ಇನ್ನೊಂದು ರೂಮಿನಲ್ಲಿ ಏನು ನಡೀತಿತ್ತು ಅಂತ ಓದಿದ ಮೇಲೆ ಹಾಗೆ ಬರೆಯೋಕೆ ಕೈ ಬರಲಿಲ್ಲ.

ರೋಸ್ ಚಿಕ್ಕಂದಿನಲ್ಲಿ ಚೂಟಿ, ಚೆಲುವೆ. ಸ್ಕೂಲು ಸರಿಹೋಗಲಿಲ್ಲ ಅಂತ ತಾಯಿ ಅವಳನ್ನು ಟೈಪಿಂಗ್ ಕಲಿಯೋಕೆ ಬಿಸಿನೆಸ್ ಕಾಲೇಜಿಗೆ ಸೇರಿಸಿದರು. ಅದೂ ಕೈಗೂಡಲಿಲ್ಲ. ಮನೆಗೆ ಹುಡುಗರು ಬಂದು ಹೋದರು, ಮದುವೆ ಆಗಲಿಲ್ಲ. ಬರಬರುತ್ತಾ ಮಾತು ತಪ್ಪಿತು, ಹೊಟ್ಟೆನೋವು ಅಂತ ಹಾಸಿಗೆ ಹಿಡಿಯೋದು, ಯಾರೋ ವಿಷ ಹಾಕ್ತಾರೆ ಅನ್ನೋ ಹೆದರಿಕೆ. ತಮ್ಮ ಬರವಣಿಗೆಯಲ್ಲಿ ಮುಳುಗಿದ್ದ, ಹೊಸ ಗೆಳೆಯರು ಸಿಕ್ಕಿದ್ದರು. ಒಮ್ಮೆ ತಂದೆ ತಾಯಿ ಊರಲ್ಲಿ ಇಲ್ಲದಾಗ ಅವನು ಮನೆಯಲ್ಲಿ ಗೆಳೆಯರನ್ನು ಸೇರಿಸಿ ಜೋರು ಪಾರ್ಟಿ ಮಾಡಿದ. ರೋಸ್ ಅದನ್ನು ತಾಯಿಗೆ ಹೇಳಿಬಿಟ್ಟಳು. ಅವನಿಗೆ ಉರಿದುಹೋಯ್ತು. ಮೆಟ್ಟಿಲ ಮೇಲೆ ಅಕ್ಕ ಎದುರಾದಾಗ, ಅವಳ ಮುಖ ನೋಡೋಕೂ ತನಗೆ ಅಸಹ್ಯ ಅನ್ನೋ ಅರ್ಥದ ಮಾತು ಆಡಿ ಇಳಿದು ಹೋದ. ಅವಳು ತಿರುಗಿ ಒಂದು ಮಾತೂ ಆಡದೆ ಮೆಟ್ಟಿಲ ಮೂಲೆಗೆ ಒತ್ತಿಕೊಂಡು ನಿಂತೇ ಇದ್ದಳು. ಜೀವಮಾನದಲ್ಲಿ ತಾನು ಮಾಡಿದ ಅತಿ ಕ್ರೂರ ಕೆಲಸ ಅದೇ ಅಂತ ಅವನು ಅರವತ್ತು ದಾಟಿದ ಮೇಲೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

1937ರಲ್ಲಿ ರೋಸ್‌ಳನ್ನು ಫಾರ್ಮಿಂಗ್ಟನ್‌ನ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಸ್ಕಿಜೋಫ್ರೇನಿಯಾ ಅಂತ ಹೇಳಿ ಇನ್ಸುಲಿನ್ ಶಾಕ್ ಚಿಕಿತ್ಸೆ ಶುರು ಮಾಡಿದರು. ಅದೇ ವರ್ಷ ಟಾಮ್ ನಾಟಕ ಕಲಿಯೋಕೆ ಅಯೋವಾ ವಿಶ್ವವಿದ್ಯಾಲಯಕ್ಕೆ ಹೊರಟ. ಒಂದೇ ವರ್ಷ, ಒಂದೇ ಮನೆಯಿಂದ ಇಬ್ಬರೂ ಹೊರಗೆ ಹೋದರು. ಒಬ್ಬನಿಗೆ ಅದು ಬಿಡುಗಡೆ.

ಅಯೋವಾದಲ್ಲಿ 1938ಕ್ಕೆ ಡಿಗ್ರಿ ಮುಗಿಸಿದ. ಆಮೇಲೆ ಊರೂರು ಅಲೆದಾಟ. ನ್ಯೂಯಾರ್ಕಿನ ಗ್ರೂಪ್ ಥಿಯೇಟರ್‌ನವರು ಇಪ್ಪತ್ತೈದರ ಒಳಗಿನವರಿಗೆ ನಾಟಕ ಸ್ಪರ್ಧೆ ಇಟ್ಟಾಗ ಇವನಿಗೆ ವಯಸ್ಸು ದಾಟಿತ್ತು. ಹುಟ್ಟಿದ ವರ್ಷ 1914 ಅಂತ ಸುಳ್ಳು ಹೇಳಿ, ಟೆನೆಸೀ ಅನ್ನೋ ಹೊಸ ಹೆಸರಿಟ್ಟುಕೊಂಡು, ಮೆಂಫಿಸ್‌ನ ಅಜ್ಜನ ವಿಳಾಸದಿಂದ ಕಳಿಸಿದ. 1939ರಲ್ಲಿ 100 ಡಾಲರ್ ವಿಶೇಷ ಬಹುಮಾನ ಬಂತು, ಆಡ್ರೀ ವುಡ್ ಅನ್ನೋ ಒಳ್ಳೆ ಏಜೆಂಟ್ ಸಿಕ್ಕರು. 1940ರ ಡಿಸೆಂಬರಿನಲ್ಲಿ ಬಾಸ್ಟನ್‌ನಲ್ಲಿ ಮೊದಲ ದೊಡ್ಡ ನಾಟಕ ರಂಗಕ್ಕೆ ಬಂತು. ಕೊನೆಯ ದೃಶ್ಯಕ್ಕೆ ಬೆಂಕಿಯ ಎಫೆಕ್ಟ್ ಬೇಕು ಅಂತ ಇಟ್ಟಿದ್ದ ಹೊಗೆ ಅಳತೆ ಮೀರಿ, ಪ್ರೇಕ್ಷಕರೆಲ್ಲ ಕೆಮ್ಮುತ್ತಾ ಎದ್ದು ಹೋದರು. ಟೆಕ್ ಫೆಸ್ಟಿನಲ್ಲಿ ಡೆಮೋ ಕೈಕೊಟ್ಟವರಿಗೆ ಈ ನೋವು ಅರ್ಥ ಆಗುತ್ತೆ. ನಾಟಕ ನ್ಯೂಯಾರ್ಕ್ ತಲುಪಲೇ ಇಲ್ಲ.

1943

1943ರ ಜನವರಿಯಲ್ಲಿ ರೋಸ್‌ಳಿಗೆ ಲೋಬಾಟಮಿ ಮಾಡಿದರು. ಮಿದುಳಿನ ಮುಂಭಾಗದ ನರಗಳ ಸಂಪರ್ಕವನ್ನು ಕತ್ತರಿಸೋ ಆಪರೇಷನ್ ಅದು. ತಾಯಿ ಒಪ್ಪಿಗೆ ಕೊಟ್ಟಿದ್ದರು. ತಮ್ಮ ದೂರದ ನ್ಯೂಯಾರ್ಕಿನಲ್ಲಿದ್ದ. ಎಲ್ಲ ಮುಗಿದ ಮೇಲೆ ಅವನಿಗೆ ಗೊತ್ತಾಯ್ತು. ಇವತ್ತು ಓದಿದರೆ ಮೈ ಜುಮ್ಮೆನ್ನುತ್ತೆ, ಆದ್ರೆ ಆಗ ಅದೇ ಲೇಟೆಸ್ಟ್ ಟೆಕ್ನಾಲಜಿ. ಅದನ್ನು ಮೊದಲು ಮಾಡಿದ ಪೋರ್ಚುಗಲ್‌ನ ಎಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಹುಮಾನವೇ ಬಂತು. ಹೊಸದು ಅಂದ ತಕ್ಷಣ ಒಳ್ಳೇದು ಅಂತ ನಂಬೋ ನಮ್ಮಂಥವರು ಇದನ್ನು ನೆನಪಿಟ್ಟುಕೊಳ್ಳೋದು ಒಳ್ಳೇದು. ರೋಸ್‌ಳ ಗಲಾಟೆ ನಿಂತಿತು. ಆಸ್ಪತ್ರೆ ಬಿಟ್ಟು ತನ್ನ ಪಾಡಿಗೆ ಬದುಕೋ ದಿನ ಅವಳಿಗೆ ಮತ್ತೆ ಬರಲಿಲ್ಲ.

ಅದೇ ವರ್ಷ ಟಾಮ್‌ಗೆ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋದಲ್ಲಿ ವಾರಕ್ಕೆ 250 ಡಾಲರ್ ಕೆಲಸ ಸಿಕ್ಕಿತು. ಶೂ ಕಂಪನಿಯ 65 ಡಾಲರ್ ನೆನಪಿಸಿಕೊಳ್ಳಿ, ಅದೂ ತಿಂಗಳಿಗೆ. ಅಲ್ಲಿ ಕೊಟ್ಟ ಸ್ಕ್ರಿಪ್ಟ್ ಬಿಟ್ಟು ಅವನು ತನ್ನದೇ ಒಂದನ್ನು ಬರೆದ. ಒಂದು ಬಡ ಫ್ಲಾಟು, ತಾಯಿ, ಮಗ, ಮಗಳು, ಮನೆಗೆ ಬರೋ ಒಬ್ಬ ಹುಡುಗ. ಸ್ಟುಡಿಯೋ ಬೇಡ ಅಂದಿತು. ಅದನ್ನೇ ನಾಟಕ ಮಾಡಿದ. ಅದೇ 'ದಿ ಗ್ಲಾಸ್ ಮೆನಾಜರಿ'.

ನಾಟಕದಲ್ಲಿ ಕಥೆ ಹೇಳೋನ ಹೆಸರೂ ಟಾಮ್, ಅವನೂ ಶೂ ಗೋದಾಮಿನವನೇ. ಡಬ್ಬಿಯ ಮುಚ್ಚಳದ ಮೇಲೆ ಕವಿತೆ ಬರೀತಾನೆ. ತಾಯಿ ಅಮಾಂಡಾ ತನ್ನ ಹಳೇ ವೈಭವದ ದಿನಗಳನ್ನು ಬಾಯಿ ಬಿಡದೆ ಹೇಳ್ತಾನೇ ಇರ್ತಾರೆ. ಅಕ್ಕ ಲಾರಾಗೆ ಒಂದು ಕಾಲು ಕುಂಟು, ಮೈಯೆಲ್ಲ ನಾಚಿಕೆ. ಅವಳೂ ಟೈಪಿಂಗ್ ಕಲಿಯೋಕೆ ಹೋಗಿ, ಮೊದಲ ಸ್ಪೀಡ್ ಟೆಸ್ಟಿನಲ್ಲೇ ವಾಂತಿ ಮಾಡಿಕೊಂಡು, ಆಮೇಲೆ ವಾರಗಟ್ಟಲೆ ಕ್ಲಾಸಿಗೆ ಹೋಗ್ತೀನಿ ಅಂತ ಹೇಳಿ ಪಾರ್ಕು, ಮ್ಯೂಸಿಯಂ ಸುತ್ತುತ್ತಾಳೆ. ಅಟೆಂಡೆನ್ಸ್ ಶಾರ್ಟೇಜ್‌ಗೆ ಇಷ್ಟು ದುಃಖದ ಕಾರಣ ಇರಬಹುದು ಅಂತ ನಮಗೆ ಅನ್ನಿಸಿರಲೇ ಇಲ್ಲ. ಅಕ್ಕನಿಗೆ ಗಂಡು ಹುಡುಕು ಅಂತ ತಾಯಿ ಪೀಡಿಸಿದ್ದಕ್ಕೆ ಟಾಮ್ ಒಂದು ದಿನ ತನ್ನ ಗೋದಾಮಿನ ಗೆಳೆಯನನ್ನು ಊಟಕ್ಕೆ ಕರೀತಾನೆ. ಅವನೇ ನಮ್ಮ ರೇಡಿಯೋ ಇಂಜಿನಿಯರಿಂಗ್ ಜಿಮ್. ಹೈಸ್ಕೂಲಿನಲ್ಲಿ ಲಾರಾಗೆ ಪ್ಲೂರೋಸಿಸ್ ಕಾಯಿಲೆ ಬಂದಾಗ ಇವನು ಅದನ್ನು ಬ್ಲೂ ರೋಸಸ್ ಅಂತ ಕೇಳಿಸಿಕೊಂಡು ಅವಳನ್ನು ಹಾಗೇ ಕರೀತಿದ್ದ, ಅಂದ್ರೆ ನೀಲಿ ಗುಲಾಬಿ. ಅಕ್ಕನ ಹೆಸರು ರೋಸ್ ಅಂತ ಗೊತ್ತಾದ ಮೇಲೆ ಈ ತಮಾಷೆ ನಮಗೆ ಬೇರೆ ಥರ ಕೇಳಿಸಿತು.

ಊಟದ ಹೊತ್ತಿಗೆ ಕರೆಂಟ್ ಹೋಗುತ್ತೆ. ಬಿಲ್ ಕಟ್ಟೋ ದುಡ್ಡನ್ನು ಟಾಮ್ ಹಡಗಿನ ನಾವಿಕರ ಯೂನಿಯನ್ನಿಗೆ ಕಟ್ಟಿಬಿಟ್ಟಿರ್ತಾನೆ, ಮನೆ ಬಿಟ್ಟು ಹೋಗೋಕೆ. ಮೇಣದಬತ್ತಿ ಬೆಳಕಲ್ಲಿ ಜಿಮ್ ಲಾರಾಳನ್ನು ಮಾತಾಡಿಸಿ, ಡ್ಯಾನ್ಸ್ ಮಾಡಿಸಿ, ಒಂದು ಕ್ಷಣ ಅವಳ ಭಯ ಬಿಡಿಸ್ತಾನೆ. ಆಗಲೇ ಗಾಜಿನ ಯೂನಿಕಾರ್ನ್ ಬಿದ್ದು ಕೊಂಬು ಮುರಿಯುತ್ತೆ. ಆಮೇಲೆ ಗೊತ್ತಾಗುತ್ತೆ, ಜಿಮ್‌ಗೆ ಆಗಲೇ ಬೇರೆ ಹುಡುಗಿ ಜೊತೆ ಮದುವೆ ಮಾತಾಗಿದೆ. ಅವನು ಕೆಟ್ಟವನಲ್ಲ, ಒಳ್ಳೆ ಹುಡುಗನೇ, ಅದೇ ಸಂಕಟ. ಕೊನೆಗೆ ಟಾಮ್ ಮನೆ ಬಿಟ್ಟು ಹೋಗ್ತಾನೆ. ಎಷ್ಟು ಊರು ದಾಟಿದರೂ ಅಕ್ಕ ಮಾತ್ರ ಬೆನ್ನು ಬಿಡೋದಿಲ್ಲ.

ಮೆಕ್ಯಾನಿಕ್ಸ್ ಪ್ರಾಬ್ಲಮ್ ಮಾಡುವಾಗ ಘರ್ಷಣೆ ಇಲ್ಲ ಅಂದುಕೊಳ್ಳಿ, ಹಗ್ಗಕ್ಕೆ ಭಾರ ಇಲ್ಲ ಅಂದುಕೊಳ್ಳಿ ಅಂತಾರಲ್ಲ, ವಿಲಿಯಮ್ಸ್ ಕೂಡ ಹಾಗೇ ಮಾಡಿದ್ದಾನೆ. ನಿಜದ ಮನೆಯಲ್ಲಿದ್ದ ಕುಡುಕ ತಂದೆ ನಾಟಕದಲ್ಲಿ ಓಡಿಹೋದವನು, ಗೋಡೆಯ ಮೇಲೆ ಬರೀ ಫೋಟೋ. ಕಿರಿಯ ತಮ್ಮ ಡೇಕಿನ್ ಇಲ್ಲವೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಸ್ಪತ್ರೆ, ಶಾಕ್, ಆಪರೇಷನ್ ಯಾವುದೂ ಇಲ್ಲ. ಅಷ್ಟನ್ನೂ ತೆಗೆದು ಅಕ್ಕನಿಗೆ ಒಂದು ಕುಂಟು ಕಾಲು ಮಾತ್ರ ಕೊಟ್ಟ. ನಿಜದ ಭಾರ ಹಾಕಿದ್ರೆ ನಾಟಕವೂ ತಡೀತಿರಲಿಲ್ಲ, ಅವನೂ ತಡೀತಿರಲಿಲ್ಲ ಅನ್ನಿಸುತ್ತೆ.

ಗೆದ್ದ ಮೇಲೆ

1944ರ ಡಿಸೆಂಬರ್ 26. ಷಿಕಾಗೋದಲ್ಲಿ ಮೂಳೆ ಕೊರೆಯೋ ಚಳಿ. ಅಮಾಂಡಾ ಪಾತ್ರಕ್ಕೆ ಲಾರೆಟ್ ಟೇಲರ್, ಕುಡಿತದಿಂದ ರಂಗದಿಂದಲೇ ದೂರವಾಗಿದ್ದ ಹಳೇ ದೊಡ್ಡ ನಟಿ. ಟಿಕೆಟ್ ಹೋಗಲಿಲ್ಲ, ಮುಚ್ಚಿಬಿಡೋಣ ಅಂತ ನಿರ್ಮಾಪಕರು ಯೋಚಿಸ್ತಿದ್ದರು. ಆದ್ರೆ ಕ್ಲಾಡಿಯಾ ಕ್ಯಾಸಿಡಿ ಅನ್ನೋ ವಿಮರ್ಶಕಿ ಇದನ್ನು ನೋಡಿ ಅಂತ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರೆದರು. ಜನ ಬಂದರು. 1945ರ ಮಾರ್ಚ್ 31ಕ್ಕೆ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಹೋಯ್ತು. ಮೂವತ್ತನಾಲ್ಕನೇ ವಯಸ್ಸಿಗೆ ಟೆನೆಸೀ ವಿಲಿಯಮ್ಸ್ ಪ್ರಸಿದ್ಧನಾದ. ತಾಯಿಯೂ ಬಂದು ನೋಡಿದರು, ರಂಗದ ಮೇಲೆ ತಮ್ಮನ್ನೇ ಹೋಲೋ ಒಂದು ಪಾತ್ರ ಮಾತಾಡೋದನ್ನು. ನಾಟಕದ ಆದಾಯದಲ್ಲಿ ಅರ್ಧವನ್ನು ಅವನು ತಾಯಿಯ ಹೆಸರಿಗೆ ಬರೆದುಕೊಟ್ಟ.

ಮುಂದಿನದನ್ನು ಬೇಗ ಹೇಳಿಬಿಡ್ತೀವಿ, ಯಾಕಂದ್ರೆ ಇದು ಎಲ್ಲ ಕಡೆ ಸಿಗುತ್ತೆ. 1947ರಲ್ಲಿ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್', ಅದರಿಂದ ಮರ್ಲಾನ್ ಬ್ರಾಂಡೋ ಸ್ಟಾರ್ ಆದ, ಇವನಿಗೆ ಪುಲಿಟ್ಜರ್ ಬಂತು. 1955ರಲ್ಲಿ 'ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್', ಮತ್ತೊಂದು ಪುಲಿಟ್ಜರ್. 1951ರ ಒಂದು ನಾಟಕದ ಹೆಸರಲ್ಲೇ ರೋಸ್ ಇದೆ. 1958ರ 'ಸಡನ್ಲಿ ಲಾಸ್ಟ್ ಸಮ್ಮರ್'ನಲ್ಲಿ ಒಬ್ಬ ಶ್ರೀಮಂತ ಹೆಂಗಸು, ಸತ್ಯ ಹೇಳೋ ಹುಡುಗಿಯ ಬಾಯಿ ಮುಚ್ಚಿಸೋಕೆ ಅವಳಿಗೆ ಲೋಬಾಟಮಿ ಮಾಡಿಸಿ ಅಂತ ಡಾಕ್ಟರನ್ನು ಒತ್ತಾಯಿಸ್ತಾಳೆ. ಹದಿನೈದು ವರ್ಷ ಆಗಿತ್ತು, ಅವನು ಇನ್ನೂ ಆ ಆಪರೇಷನ್ ಥಿಯೇಟರಿನ ಬಾಗಿಲಲ್ಲೇ ನಿಂತಿದ್ದ.

ದುಡ್ಡು ಬಂದ ಮೇಲೆ ರೋಸ್‌ಳನ್ನು ಸರ್ಕಾರಿ ಆಸ್ಪತ್ರೆಯಿಂದ ಬಿಡಿಸಿ, ನ್ಯೂಯಾರ್ಕ್ ಹತ್ತಿರದ ಖಾಸಗಿ ಆರೈಕೆ ಮನೆಗೆ ಸೇರಿಸಿದ. ಕೊನೆಯವರೆಗೂ ಖರ್ಚು ಅವನದೇ. ಹೋಗಿ ನೋಡ್ತಿದ್ದ, ಹೊರಗೆ ಕರೆದುಕೊಂಡು ಹೋಗಿ ಊಟ ಮಾಡಿಸ್ತಿದ್ದ, ಬಟ್ಟೆ ಕೊಡಿಸ್ತಿದ್ದ. ಇದರಿಂದ ಋಣ ತೀರಿತು ಅಂತ ಅವನು ಯಾವತ್ತೂ ಅಂದುಕೊಂಡ ಹಾಗೆ ಕಾಣೋದಿಲ್ಲ.

ಅವನ ಸ್ವಂತ ಬದುಕೂ ಸುಲಭ ಇರಲಿಲ್ಲ. ಅವನು ಸಲಿಂಗಿ. ಆ ಕಾಲದ ಅಮೆರಿಕದಲ್ಲಿ ಅದು ಅಪರಾಧ. ಫ್ರಾಂಕ್ ಮೆರ್ಲೋ ಅನ್ನೋ ಸಂಗಾತಿ ಹತ್ತು ಹದಿನಾಲ್ಕು ವರ್ಷ ಅವನ ಬದುಕನ್ನು ಒಂದು ಹದದಲ್ಲಿ ಇಟ್ಟಿದ್ದ. 1963ರಲ್ಲಿ ಮೆರ್ಲೋ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ವಿಲಿಯಮ್ಸ್ ಮದ್ಯ, ಮಾತ್ರೆಗಳಲ್ಲಿ ಮುಳುಗಿಹೋದ. ಹೊಸ ನಾಟಕಗಳು ಸೋತವು. ಅಕ್ಕನಿಗೆ ಆದದ್ದು ತನಗೂ ಆಗುತ್ತೆ ಅನ್ನೋ ಹೆದರಿಕೆ ಅವನಿಗೆ ಮೊದಲಿಂದ ಇತ್ತು. 1969ರಲ್ಲಿ ತಮ್ಮ ಡೇಕಿನ್ ಅವನನ್ನು ಸೇಂಟ್ ಲೂಯಿಸ್‌ನ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಸೇರಿಸಿದ. ಜೀವ ಉಳಿಯಿತು, ಆದ್ರೆ ಅವನು ತಮ್ಮನನ್ನು ಕ್ಷಮಿಸಲಿಲ್ಲ.

ಮನೆಯ ನಾಟಕ ಮನೆಗೇ ಬಂದಾಗ

'ಗ್ಲಾಸ್ ಮೆನಾಜರಿ' 1950ರಲ್ಲಿ ಮೊದಲ ಸಲ ಸಿನಿಮಾ ಆದಾಗ ಸ್ಟುಡಿಯೋದವರು ಕೊನೆಯನ್ನು ಬದಲಾಯಿಸಿದರು. ಲಾರಾಗೆ ಇನ್ನೊಬ್ಬ ಹುಡುಗ ಬರ್ತಾನೆ ಅನ್ನೋ ಆಸೆ ತೋರಿಸಿ ಮುಗಿಸಿದರು. ವಿಲಿಯಮ್ಸ್‌ಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಯಾಕೆ ಅಂತ ಈಗ ನಮಗೆ ಅರ್ಥ ಆಗುತ್ತೆ. ಫಾರ್ಮಿಂಗ್ಟನ್ ಆಸ್ಪತ್ರೆಗೆ ಇನ್ನೊಬ್ಬ ಹುಡುಗ ಯಾರೂ ಬಂದಿರಲಿಲ್ಲ.

1966ರಲ್ಲಿ ಸಿಬಿಎಸ್ ಚಾನೆಲ್ ಇದನ್ನು ಟಿವಿಗೆ ಮಾಡಿತು. ಕಳೆದೇ ಹೋಯ್ತು ಅಂದುಕೊಂಡಿದ್ದ ಅದನ್ನು, ಸಿಕ್ಕ ಹಳೇ ಟೇಪುಗಳಿಂದ ಮತ್ತೆ ಜೋಡಿಸಿ 2016ರಲ್ಲಿ ತೋರಿಸಿದರು. ನಾವು ನೋಡಿದ್ದು ಅದಾದ ಮೇಲಿನ 1973ರದ್ದು. ನಿರ್ದೇಶಕ ಆಂಥೋನಿ ಹಾರ್ವಿ. ಅಮಾಂಡಾ ಆಗಿ ಕ್ಯಾಥರೀನ್ ಹೆಪ್‌ಬರ್ನ್. ಅಷ್ಟು ವರ್ಷ ಹಾಲಿವುಡ್ ಆಳಿದ ಅವರು ಟಿವಿಗಾಗಿ ನಾಟಕದ ಪಾತ್ರ ಮಾಡಿದ್ದು ಅದೇ ಮೊದಲು. ಟಾಮ್ ಆಗಿ ಸ್ಯಾಮ್ ವಾಟರ್‌ಸ್ಟನ್, ಲಾರಾ ಆಗಿ ಜೋವಾನಾ ಮೈಲ್ಸ್, ಜಿಮ್ ಆಗಿ ಮೈಕೆಲ್ ಮೊರಿಯಾರ್ಟಿ. ಮೈಲ್ಸ್, ಮೊರಿಯಾರ್ಟಿ ಇಬ್ಬರಿಗೂ ಎಮ್ಮಿ ಪ್ರಶಸ್ತಿ ಬಂತು. ಇಲ್ಲಿ ಸುಳ್ಳು ಸಮಾಧಾನ ಇಲ್ಲ. ನಾಲ್ಕು ಜನ, ಒಂದು ಇಕ್ಕಟ್ಟಾದ ಮನೆ, ಮೇಣದಬತ್ತಿ.

ಇದು ಟಿವಿಗೆ ಒಗ್ಗಿದ್ದಕ್ಕೆ ನಮಗೆ ಒಂದು ಕಾರಣ ಕಾಣುತ್ತೆ. ಥಿಯೇಟರಿಗೆ ನಾವು ಮನೆ ಬಿಟ್ಟು ಹೋಗ್ತೀವಿ. ಟಿವಿಯನ್ನು ಮನೆಯಲ್ಲಿ, ಆ ಮನೆಯವರ ಜೊತೆಗೇ ಕೂತು ನೋಡ್ತೀವಿ. ಆ ಡಿಸೆಂಬರ್ ರಾತ್ರಿ ಇದನ್ನು ನೋಡಿದ ಎಷ್ಟೋ ಮನೆಗಳಲ್ಲಿ, ಅದೇ ಸೋಫಾದ ಇನ್ನೊಂದು ತುದಿಯಲ್ಲಿ ಒಬ್ಬ ಅಕ್ಕನೋ ತಂಗಿಯೋ ಕೂತಿದ್ದಿರಬೇಕು. ಜಿಮ್ ಹೇಳಿದ್ದು ನಿಜವಾಗಿತ್ತು, ಟೆಲಿವಿಷನ್ನಿಗೆ ಭವಿಷ್ಯ ಇತ್ತು. ಲಾರಾಗೆ ಇರಲಿಲ್ಲ.

ನಮಗೂ ಒಬ್ಬಳು ಅಕ್ಕ ಇದ್ದಾಳೆ. ಮನೆಯಲ್ಲಿ ಇರೋದು ಒಂದೇ ರೂಮು. ನಮ್ಮ ಸೆಕೆಂಡ್ ಪಿಯು, ಸಿಇಟಿ ವರ್ಷ ಅದನ್ನು ನಮಗೆ ಬಿಟ್ಟುಕೊಟ್ಟು ಅವಳು ಹಾಲ್‌ನಲ್ಲಿ ಮಲಗಿದಳು. ಅವಳಿಗೂ ಅದು ಬಿಕಾಂ ಕೊನೆಯ ವರ್ಷ. ಅವಳ ಓದು ನಡೆದಿದ್ದು ಅಡುಗೆಮನೆಯ ಕಟ್ಟೆ ಮೇಲೆ, ಎಲ್ಲರ ಊಟ ಆದ ಮೇಲೆ. ನಮ್ಮ ರ‍್ಯಾಂಕ್ ಬಂದಾಗ ಮನೆಯಲ್ಲಿ ಸ್ವೀಟ್ ಹಂಚಿದರು. ಅವಳ ರಿಸಲ್ಟ್ ಯಾವತ್ತು ಬಂತು ಅಂತ ನಮಗೆ ಇವತ್ತಿಗೂ ನೆನಪಿಲ್ಲ. ಹೋದ ರಜೆಯಲ್ಲಿ ಈ ವಿಷಯ ಎತ್ತಿದ್ವಿ. ಅದೆಲ್ಲ ತನಗೆ ನೆನಪೇ ಇಲ್ಲ ಅಂದುಬಿಟ್ಟಳು, ಆಮೇಲೆ ಎದ್ದು ಹೋಗಿ ಕುಕ್ಕರ್ ಇಳಿಸಿದಳು.

ಹಾಗಂತ ವಿಲಿಯಮ್ಸ್ ಮನೆಯಲ್ಲೇ ಇರಬೇಕಿತ್ತು ಅಂತ ನಾವು ಹೇಳ್ತಿಲ್ಲ. ಇದ್ದಿದ್ರೆ ರೋಸ್ ಉಳೀತಿದ್ದಳು ಅನ್ನೋಕೆ ಆಗೋಲ್ಲ. ಬಹುಶಃ ಶೂ ಗೋದಾಮಿನಲ್ಲಿ ಅವನೂ ಮುಗಿದುಹೋಗ್ತಿದ್ದ. ಹೊರಡಬೇಕಿತ್ತು, ಹೊರಟ. ಅವನನ್ನು ನಮಗೆ ಹತ್ತಿರ ಮಾಡಿದ್ದು ಬೇರೆ. ಎರಡು ಪುಲಿಟ್ಜರ್ ಬಂದ ಮೇಲೂ ಅವನು ತನ್ನ ಕಥೆಯನ್ನು ಒಬ್ಬನೇ ಗೆದ್ದವನ ಕಥೆಯಾಗಿ ಹೇಳಲಿಲ್ಲ. ಹೊರಟು ಬಂದ ಬಾಗಿಲನ್ನೂ, ಅದರ ಒಳಗೆ ಉಳಿದವಳನ್ನೂ ಸೇರಿಸಿಯೇ ಹೇಳಿದ. ಮುಂದಿನ ಸಲ ಆಡಿಟೋರಿಯಂನಲ್ಲಿ ಯಾರಾದರೂ ತಾನು ಹೇಗೆ ಗೆದ್ದೆ ಅಂತ ಮಾತಾಡುವಾಗ, ಪ್ರಶ್ನೋತ್ತರದ ಹೊತ್ತಿಗೆ ನಮ್ಮದೊಂದು ಪ್ರಶ್ನೆ ಇರುತ್ತೆ: ಸರ್, ಆಗ ಮನೆಯಲ್ಲಿ ಇನ್ನೂ ಯಾರಿದ್ದರು?

1983ರ ಫೆಬ್ರವರಿ 25ರಂದು ನ್ಯೂಯಾರ್ಕಿನ ಒಂದು ಹೋಟೆಲ್ ರೂಮಿನಲ್ಲಿ ವಿಲಿಯಮ್ಸ್ ತೀರಿಕೊಂಡ. ವಯಸ್ಸು 71. ತನ್ನ ದೇಹವನ್ನು ಸಮುದ್ರಕ್ಕೆ ಬಿಡಬೇಕು ಅನ್ನೋದು ಅವನ ಆಸೆಯಾಗಿತ್ತು. ಆದ್ರೆ ಡೇಕಿನ್ ಅವನನ್ನು ಹೂಳಿಸಿದ್ದು ಸೇಂಟ್ ಲೂಯಿಸ್‌ನಲ್ಲಿ, ಅವನು ಜೀವಮಾನವಿಡೀ ದ್ವೇಷಿಸಿದ ಊರಲ್ಲಿ. ಉಯಿಲಿನಲ್ಲಿ ಅವನು ರೋಸ್ ಬದುಕಿರೋವರೆಗೂ ಅವಳ ಆರೈಕೆಗೆ ಏರ್ಪಾಡು ಮಾಡಿ, ಆಸ್ತಿಯ ಬಹುಪಾಲು ಅಜ್ಜ ಓದಿದ ಸೆವಾನೀಯ ವಿಶ್ವವಿದ್ಯಾಲಯಕ್ಕೆ ಸೇರಬೇಕು ಅಂತ ಬರೆದಿದ್ದ. ರೋಸ್ ತಮ್ಮನಿಗಿಂತ 13 ವರ್ಷ ಹೆಚ್ಚು ಬದುಕಿ 1996ರಲ್ಲಿ ತೀರಿಕೊಂಡಳು. ಅವಳನ್ನು ಅದೇ ಊರಿನ ಅದೇ ಸ್ಮಶಾನದಲ್ಲಿ, ತಮ್ಮನ ಪಕ್ಕದಲ್ಲೇ ಮಲಗಿಸಿದರು.